ಕಾಂತೋರ್ ಇಲ್ಲದೆ ಕಾಂತೋರ್: ಒಬ್ಬ ಕಲಾವಿದನ ಬದುಕನ್ನು ರಂಗಕ್ಕೆ ತರುವುದು ಹೇಗೆ?

ನೇಪಥ್ಯ

ಪೋಲಿಷ್ ರಂಗಭೂಮಿ ಎಂದೊಡನೆ ನಮ್ಮ ಮಾತು ನಿರ್ದೇಶಕ ಗ್ರೊಟೊವ್‌ಸ್ಕಿಯಲ್ಲಿ ಆರಂಭವಾಗಿ ಗ್ರೊಟೊವ್‌ಸ್ಕಿಯಲ್ಲೇ ಮುಗಿಯುತ್ತದೆ. ಅದೇ ದೇಶದ, ಅದೇ ಕಾಲದ ತದೇವುಷ್ ಕಾಂತೋರ್ (1915–1990) ಬಗ್ಗೆ ಕನ್ನಡದಲ್ಲಿ ಮಾತಾಡುವವರು ಕಡಿಮೆ. ಇದು ನನ್ನನ್ನು ಕಾಡುತ್ತದೆ. ನೆನಪನ್ನು ರಂಗದ ಮೇಲೆ ಹೇಗೆ ನಿಲ್ಲಿಸಬೇಕು ಎಂಬ ಪ್ರಶ್ನೆಯನ್ನು ಅವನಷ್ಟು ಹಟ ಹಿಡಿದು ಕೇಳಿದ ಇನ್ನೊಬ್ಬ ರಂಗಕರ್ಮಿ ನನಗೆ ಕಂಡಿಲ್ಲ.

ನ್ಯೂಯಾರ್ಕಿನ ವೂಸ್ಟರ್ ಗ್ರೂಪ್ ಎಂಬ ಪ್ರಯೋಗಶೀಲ ತಂಡ ಎಲಿಜಬೆತ್ ಲೆಕಾಂಪ್ಟ್ ನಿರ್ದೇಶನದಲ್ಲಿ 2017ರಲ್ಲಿ ಕಾಂತೋರ್‌ನನ್ನೇ ವಸ್ತುವಾಗಿಸಿ ‘ಎ ಪಿಂಕ್ ಚೇರ್’ ಎಂಬ ನಾಟಕ ಕಟ್ಟಿತು. ಕಾಂತೋರ್‌ನ ಮಗಳು ದೊರೋತಾ ಕ್ರಾಕೋವ್‌ಸ್ಕಾ ಆ ಕೆಲಸದಲ್ಲಿ ಜೊತೆಯಾದರು. ಅಲ್ಲಿಂದ ಹುಟ್ಟಿದ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕಾಂತೋರ್ ತನ್ನ ಬದುಕನ್ನು ತಾನೇ ನಾಟಕ ಮಾಡಿದವನು, ಅದೂ ಪ್ರದರ್ಶನದ ಉದ್ದಕ್ಕೂ ರಂಗದ ಮೇಲೆ ತಾನೇ ನಿಂತು. ಅವನು ಸತ್ತ ಮೇಲೆ ಆ ಬದುಕನ್ನು ಬೇರೆಯವರು ಆಡಿದರೆ ಅದು ಏನಾಗುತ್ತದೆ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟು, ಬಾಲ್ಯ, ಯುದ್ಧ, ಕೀರ್ತಿ, ಸಾವು ಎಂದು ಸಾಲಾಗಿ ಜೋಡಿಸಿದ ನಾಟಕ ಕಾಂತೋರ್‌ಗೆ ಒಗ್ಗುವುದಿಲ್ಲ. ಕಾರಣ ಅವನ ‘ವಿಯೆಲೊಪೋಲೆ, ವಿಯೆಲೊಪೋಲೆ’ಯಲ್ಲೇ ಇದೆ. 1980ರಲ್ಲಿ ಫ್ಲಾರೆನ್ಸಿನಲ್ಲಿ ಮೊದಲು ಪ್ರದರ್ಶನವಾದ ಈ ನಾಟಕಕ್ಕೆ ಅವನು ಹುಟ್ಟಿದ ಊರಿನದೇ ಹೆಸರು. ರಂಗದ ಮೇಲೆ ಒಂದು ಕೋಣೆ. ಮೇಜು, ಕುರ್ಚಿ, ಕಪಾಟು, ಮಂಚ. ಇಬ್ಬರು ಮಾವಂದಿರು ಬರುತ್ತಾರೆ. ಆ ಪಾತ್ರಗಳನ್ನು ಆಡಿದ ಯಾನಿತ್ಸ್‌ಕಿ ಸೋದರರು ನಿಜವಾಗಿಯೂ ಅವಳಿಗಳು. ಯಾವ ಸಾಮಾನು ಎಲ್ಲಿತ್ತು, ಯಾರು ಎಲ್ಲಿ ಕುಳಿತಿದ್ದರು ಎಂದು ವಾದಿಸುತ್ತ ಒಂದೊಂದನ್ನೇ ಎತ್ತಿ ಹೊರಗೊಯ್ಯುತ್ತಾರೆ, ಮತ್ತೆ ಒಳತರುತ್ತಾರೆ. ಕೋಣೆ ಒಮ್ಮೆಯೂ ಸರಿಯಾಗಿ ಕೂಡಿಬರುವುದಿಲ್ಲ. ನನಗೆ ಆ ನಾಟಕದ ಜೀವ ಇರುವುದು ಅಲ್ಲಿ. ನೆನಪು ಸೋಲುವುದನ್ನೇ ಅವನು ನಾಟಕದ ನಡೆಯಾಗಿಸಿದ.

ಅವನ ಅಪ್ಪ ಮರಿಯಾನ್ ಮೊದಲ ಮಹಾಯುದ್ಧಕ್ಕೆ ಹೋದವನು ಮನೆಗೆ ಮರಳಲಿಲ್ಲ. ಯುದ್ಧದಲ್ಲಿ ಸಾಯಲೂ ಇಲ್ಲ. ಬೇರೆಡೆ ಬೇರೆ ಬಾಳು ಕಟ್ಟಿಕೊಂಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ ತೀರಿಕೊಂಡ. ನಾಟಕದಲ್ಲಿ ಈ ಕಥೆಯನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಳೆಯ ಫೋಟೋದಲ್ಲಿ ಸೆಟೆದು ನಿಂತ ಸೈನಿಕರ ಗುಂಪಿನಿಂದ ಒಬ್ಬ ಎದ್ದು ಬರುತ್ತಾನೆ, ಸತ್ತವನಂತಿರುವ ಆ ಅಪ್ಪನಿಗೂ ಅಮ್ಮ ಹೆಲ್ಕಾಳಿಗೂ (ಹೆಲೆನಾಳ ಮುದ್ದಿನ ಹೆಸರು) ಪಾದ್ರಿ ಮದುವೆ ಮಾಡಿಸುತ್ತಾನೆ. ಫೋಟೋ ತೆಗೆಯುವ ಕ್ಯಾಮೆರಾ ನೋಡನೋಡುತ್ತಿದ್ದಂತೆ ಮೆಷಿನ್ ಗನ್ ಆಗುತ್ತದೆ. ಜೀವನಚರಿತ್ರೆಯ ಹತ್ತು ಪುಟ ಹೇಳಬೇಕಾದುದನ್ನು ಆ ಒಂದು ಯಂತ್ರ ಹೇಳಿಬಿಡುತ್ತದೆ.

ಹೊಳೆಸಾಲು

ನೇಪಥ್ಯ ಅವರೇ, ಈ ಚರ್ಚೆ ಎತ್ತಿದ್ದಕ್ಕೆ ಧನ್ಯವಾದ. ನಿರ್ದೇಶಕ ರಂಗದ ಮೇಲೆ ನಿಲ್ಲುವುದು ಎಂದಿರಿ. ನಾನು ಯಕ್ಷಗಾನ ನೋಡುತ್ತ ಬೆಳೆದವನು. ಭಾಗವತರು ರಂಗದ ಮೇಲೆಯೇ ಕುಳಿತು ಇಡೀ ಆಟವನ್ನು ನಡೆಸುತ್ತಾರೆ. ಪಾತ್ರಧಾರಿಗೆ ಪದ ಕೊಡುತ್ತಾರೆ, ತಾಳ ಏರಿಸುತ್ತಾರೆ, ಬೇಕೆಂದಲ್ಲಿ ನಿಲ್ಲಿಸುತ್ತಾರೆ. ಕಾಂತೋರ್ ಮಾಡಿದ್ದು ಇದನ್ನೇ ಅಲ್ಲವೇ? ಅವನ ‘ಡೆಡ್ ಕ್ಲಾಸ್’ ನಾಟಕದ ಚಿತ್ರೀಕರಣದಲ್ಲಿ ಆತ ಶಾಲೆಯ ಬೆಂಚುಗಳ ಪಕ್ಕ ನಿಂತು ಬೆರಳಿನಲ್ಲಿ ಸನ್ನೆ ಮಾಡುವುದನ್ನು ನೋಡಿದಾಗ ನನಗೆ ಒಂದಿಷ್ಟೂ ಹೊಸದೆನಿಸಲಿಲ್ಲ. ಮೇಳದಲ್ಲಿ ಒಬ್ಬ ಭಾಗವತರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಪ್ರಸಂಗ ಮುಂದುವರಿಯುತ್ತದೆ. ಕಾಂತೋರ್‌ನ ಜಾಗದಲ್ಲೂ ಇನ್ನೊಬ್ಬರು ನಿಂತರೆ ತೊಂದರೆ ಏನು?

ಬಣ್ಣದಂಗಡಿ

ಹೊಳೆಸಾಲು ಅವರೇ, ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ದಾರಿಗೆ ನಿಲ್ಲುತ್ತದೆ. ಭಾಗವತರ ಬಾಯಲ್ಲಿ ಇರುವುದು ಎಲ್ಲರ ಕಥೆ. ಕರ್ಣನ ಸಾವು ಯಾವ ಭಾಗವತರ ಸ್ವಂತ ನೆನಪೂ ಅಲ್ಲ. ಕಾಂತೋರ್ ನಿಂತದ್ದು ತನ್ನದೇ ಅಮ್ಮ, ಅಪ್ಪ, ತಾತನಂಥ ಪಾದ್ರಿಯ ನಡುವೆ. ಅವರು ಅವನನ್ನು ನೋಡುವುದೂ ಇಲ್ಲ. ಕುರ್ಚಿಯೊಂದನ್ನು ಸರಿಸುತ್ತಾನೆ, ಬಾಗಿಲು ತೆರೆಯುತ್ತಾನೆ, ನಟರ ನಡೆ ಸಡಿಲವಾದರೆ ಕಣ್ಣಿನಲ್ಲೇ ಗದರುತ್ತಾನೆ, ಆದರೂ ಆ ಕೋಣೆಯ ಒಳಗಿನವನಾಗಲು ಅವನಿಂದ ಆಗುವುದಿಲ್ಲ. ಆ ಜಾಗಕ್ಕೆ ಇನ್ನೊಬ್ಬರು ಬಂದರೆ ಅವರು ಯಾರ ಮನೆಯಲ್ಲಿ ನಿಂತಂತಾಯಿತು?

ನಾನು ಚಿತ್ರ ಬರೆಯುವವನು. ರಂಗಭೂಮಿಯವರು ಕಾಂತೋರ್ ಮೊದಲು ವರ್ಣಚಿತ್ರಕಾರ ಎಂಬುದನ್ನು ಬದಿಗಿಟ್ಟು ಮಾತಾಡುವಾಗ ನನಗೆ ಸಂಕಟವಾಗುತ್ತದೆ. ಕ್ರಾಕೋವ್ ಕಲಾ ಅಕಾಡೆಮಿಯಲ್ಲಿ ಕಲಿತವನು. 1955ರಲ್ಲಿ ಅವನು ಕಟ್ಟಿದ ಕ್ರಿಕೋ-2 ತಂಡದಲ್ಲಿ ಜೊತೆಗಿದ್ದ ಮರಿಯಾ ಯರೇಮಾ ಕೂಡ ಚಿತ್ರಕಾರ್ತಿ, ಶಿಲ್ಪಿ. ಅಲ್ಲಿ ನಟಿಸಿದ ಎಷ್ಟೋ ಜನ ವೃತ್ತಿನಟರಾಗಿರಲಿಲ್ಲ. ಅವನಿಗೆ ನಟ, ಗೊಂಬೆ, ಮುರುಕು ಬೆಂಚು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದವು.

ಇದರ ಬೇರು ಯುದ್ಧದ ಕಾಲದಲ್ಲಿದೆ. ಜರ್ಮನ್ ಆಕ್ರಮಣದಲ್ಲಿ ಪೋಲಿಷ್ ರಂಗಭೂಮಿಗೆ ನಿಷೇಧವಿತ್ತು. ಸಿಕ್ಕಿಬಿದ್ದರೆ ಶಿಬಿರ, ಇಲ್ಲವೇ ಗುಂಡು. ಅಂಥ ಕ್ರಾಕೋವ್‌ನಲ್ಲಿ ಆತ ಗೆಳೆಯರ ಮನೆಗಳೊಳಗೆ 1943ರಲ್ಲಿ ಸ್ಲೋವಾತ್ಸ್‌ಕಿಯ ‘ಬಲ್ಲದೀನಾ’, 1944ರಲ್ಲಿ ವಿಸ್ಪಿಯಾನ್ಸ್‌ಕಿಯ ‘ಒಡಿಸಿಯಸ್‌ನ ಮರಳುವಿಕೆ’ ಆಡಿಸಿದ. ಎರಡನೆಯದನ್ನು ಗಮನಿಸಿ. ಗ್ರೀಕ್ ಅರಮನೆ ಎಲ್ಲಿಂದ ತರುವುದು? ಸಿಕ್ಕಿದ್ದು ಕೆಸರು ಮೆತ್ತಿದ ಗಾಲಿ, ಕೊಳೆತ ಹಲಗೆ, ಬಂದೂಕಿನ ನಳಿಗೆ, ಧ್ವನಿವರ್ಧಕ. ಟ್ರಾಯ್‌ನಿಂದ ಮನೆಗೆ ಬಂದ ಒಡಿಸಿಯಸ್ ಮಾಸಿದ ಸಮವಸ್ತ್ರ ತೊಟ್ಟ ಸೈನಿಕ. ಹೊರಗಿನ ಬೀದಿಯಲ್ಲಿ ಸೋತು ಮರಳುತ್ತಿದ್ದ ಅಂಥದೇ ಸೈನಿಕರು. ಕಸದ ಬುಟ್ಟಿಗೂ ಶಾಶ್ವತಕ್ಕೂ ನಡುವಿನ ಈ ವಸ್ತುಗಳನ್ನು ಮುಂದೆ ಅವನು ‘ಅತ್ಯಂತ ಕೆಳದರ್ಜೆಯ ವಾಸ್ತವ’ ಎಂದು ಕರೆದ. ಅವನ ಬದುಕನ್ನು ಕುರಿತು ನಾಟಕ ಮಾಡುವವರು ಅವನ ದಿನಚರಿಗಿಂತ ಮೊದಲು ಆ ಗಾಲಿಯನ್ನು ಹುಡುಕಬೇಕು.

ಹೊಳೆಸಾಲು

ಒಪ್ಪಿದೆ, ‘ಯಾರ ಮನೆಯಲ್ಲಿ’ ಎಂಬ ಮಾತು ನಾಟಿತು. ಆದರೂ ಒಂದು ಅನುಮಾನ ಉಳಿಯುತ್ತದೆ. ಅವನೊಬ್ಬನಿಗೇ ಸೇರಿದ ನೆನಪಾಗಿದ್ದರೆ ಪೋಲಿಷ್ ಬಾರದ ಜನ ‘ಡೆಡ್ ಕ್ಲಾಸ್’ ನೋಡಿ ಯಾಕೆ ಅತ್ತರು? ಅದು ದೇಶದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಬಾರಿ ಆಡಿದ ನಾಟಕ.

ವಿಸ್ತುಲಾ ದಡ

ಕೆಲಸದ ನಿಮಿತ್ತ ಕ್ರಾಕೋವ್‌ನಲ್ಲಿ ವಾಸವಾಗಿರುವ ಕನ್ನಡಿಗ ನಾನು. ಇಲ್ಲಿ ಕಾಂತೋರ್ ಹೇಗೆ ಉಳಿದಿದ್ದಾನೆ ಎಂಬುದನ್ನು ತಿಳಿಸಿದರೆ ಚರ್ಚೆಗೆ ಉಪಯೋಗವಾದೀತು.

1980ರಲ್ಲಿ ಅವನೇ ಕಾನೊನಿಚಾ ಬೀದಿಯಲ್ಲಿ ಕ್ರಿಕೊತೇಕಾ ಎಂಬ ದಾಖಲಾಗಾರ ತೆರೆದ. ಬದುಕಿರುವಾಗಲೇ ತನ್ನ ರಂಗಭೂಮಿಯ ದಾಖಲೆಗೆ ಮನೆ ಕಟ್ಟಿದವರು ಎಷ್ಟು ಜನ ಇದ್ದಾರು! 2014ರಲ್ಲಿ ಅದಕ್ಕೆ ವಿಸ್ತುಲಾ ನದಿಯ ದಂಡೆಯಲ್ಲಿ ಹೊಸ ಕಟ್ಟಡ ಬಂತು. ಪೋದ್ಗೂಜೆಯ ಹಳೆಯ ವಿದ್ಯುತ್ ಸ್ಥಾವರವನ್ನು ಕೆಡವದೆ, ಅದರ ಮೇಲೆ ಸೇತುವೆಯಂತೆ ಹಾಯ್ದ ತುಕ್ಕು ಬಣ್ಣದ ಉಕ್ಕಿನ ಕಟ್ಟಡ. ಒಳಗೆ ನಾಟಕಗಳ ವಸ್ತುಗಳಿವೆ. ಶಾಲೆಯ ಬೆಂಚುಗಳನ್ನೂ ಮಕ್ಕಳ ಗೊಂಬೆಗಳನ್ನೂ ಹತ್ತಿರದಿಂದ ನೋಡಬಹುದು.

ನೋಡಿದಾಗ ನನಗೆ ಆದ ಅನುಭವ ಹೇಳಬೇಕು. ಅವು ಅಲ್ಲಿ ಶಿಲ್ಪಗಳಾಗಿ ಗಟ್ಟಿಯಾಗಿ ನಿಲ್ಲುತ್ತವೆ, ಬಣ್ಣದಂಗಡಿ ಅವರು ಹೇಳಿದಂತೆ. ಆದರೆ ಬೆಂಚಿನ ಮೇಲೆ ಮುದುಕರಿಲ್ಲ, ಅವರ ಗದ್ದಲವಿಲ್ಲ, ಕಿವಿಗೆ ಬಡಿಯುವ ಆ ವಾಲ್ಟ್ಸ್ ನೃತ್ಯಸಂಗೀತ ಇಲ್ಲ. 1975ರ ನವೆಂಬರಿನಲ್ಲಿ ‘ಡೆಡ್ ಕ್ಲಾಸ್’ ಮೊದಲು ಆಡಿದ ಕ್ರಿಶ್ತೊಫೋರಿ ನೆಲಮಾಳಿಗೆ ಇಲ್ಲಿಂದ ದೂರವಿಲ್ಲ. ಕಮಾನಿನ ಚಾವಣಿ, ಇಟ್ಟಿಗೆಯ ಗೋಡೆ. ಆ ಇಕ್ಕಟ್ಟಿನಲ್ಲಿ ಕಪ್ಪು ಬಟ್ಟೆಯ ಮುದುಕರು ತಮ್ಮದೇ ಬಾಲ್ಯದ ಗೊಂಬೆಗಳನ್ನು ಬೆನ್ನಿಗೆ ಹೊತ್ತು ಬೆಂಚುಗಳ ಸುತ್ತ ಮೆರವಣಿಗೆ ಬರುವುದನ್ನು ಎರಡು ಮಾರು ದೂರದಿಂದ ನೋಡಿದವರ ಪಾಡನ್ನು ಊಹಿಸಿ. ಹೊಳೆಸಾಲು ಅವರ ಪ್ರಶ್ನೆಗೆ ನನ್ನ ಉತ್ತರ ಅದೇ. ಶಾಲೆಗೆ ಹೋದ ಮಗುವೊಂದು ಎಲ್ಲರೊಳಗೂ ಇದೆ, ಅದನ್ನು ಹೊತ್ತು ತಿರುಗುವ ಭಾರವೂ ಎಲ್ಲರಿಗೂ ಇದೆ. ಅದಕ್ಕೆ ಪೋಲಿಷ್ ಬೇಕಿಲ್ಲ.

ವಿಯೆಲೊಪೋಲೆ ಸ್ಕ್ಷಿನ್ಸ್‌ಕಿಯೆ ಇಲ್ಲಿಂದ ಪೂರ್ವಕ್ಕಿದೆ. ಅವನು ಹುಟ್ಟಿದ ಪಾದ್ರಿ ನಿವಾಸ ಈಗ ವಸ್ತುಸಂಗ್ರಹಾಲಯ. 1983ರಲ್ಲಿ ತಂಡವನ್ನು ಕರೆದುಕೊಂಡು ಹೋಗಿ ಆ ಊರಿನ ಚರ್ಚಿನೊಳಗೇ ‘ವಿಯೆಲೊಪೋಲೆ’ ಆಡಿದ. ಅಂದರೆ ಕೃತಕ ಕೋಣೆಯನ್ನು ನಿಜವಾದ ಕೋಣೆಯ ಪಕ್ಕಕ್ಕೇ ಒಯ್ದ.

ಪಡಸಾಲೆ

ಎಲ್ಲರೂ ಕಾಂತೋರ್‌ನನ್ನು ಮೆಚ್ಚಿ ಬರೆಯುತ್ತಿದ್ದೀರಿ. ನನಗೆ ಕೆಲವು ಕಡೆ ಗಂಟಲು ಕಟ್ಟುತ್ತದೆ, ಅದನ್ನು ಹೇಳದೆ ಇರಲಾರೆ.

‘ವಿಯೆಲೊಪೋಲೆ’ಯಲ್ಲಿ ಅಮ್ಮನ ಮೇಲೆ ಸೈನಿಕರು ಎರಗುವ ದೃಶ್ಯವಿದೆ. ‘ಡೆಡ್ ಕ್ಲಾಸ್’ನಲ್ಲಿ ಹೆಂಗಸೊಬ್ಬಳನ್ನು ಯಂತ್ರದ ಮೇಲೆ ಮಲಗಿಸಿ ಕಾಲುಗಳನ್ನು ಅಗಲಿಸುತ್ತಾರೆ, ಮುಚ್ಚುತ್ತಾರೆ. ಪಕ್ಕದಲ್ಲಿ ಮಗುವಿಲ್ಲದ ತೊಟ್ಟಿಲು, ಒಳಗೆ ಮರದ ಚೆಂಡುಗಳು ಗಡಗಡ ಉರುಳುತ್ತವೆ. ಇವು ಬಲವಾದ ಪ್ರತಿಮೆಗಳು ಎಂಬುದು ನನಗೂ ಗೊತ್ತು. ಆದರೆ ಅಮ್ಮ ಹೆಲೆನಾ ಏನನ್ನು ನೆನಪಿಟ್ಟುಕೊಂಡಿದ್ದಳು? ಗಂಡ ಬಿಟ್ಟುಹೋದ ಮೇಲೆ ಸಂಬಂಧಿಕ ಪಾದ್ರಿಯ ಮನೆಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಬದುಕಿದ ಹೆಂಗಸು ಅವಳು. ಅವಳ ನೋವು ಮಗನ ನಾಟಕದಲ್ಲಿ ಮಗನ ನೋವಾಗಿಯೇ ಬರುತ್ತದೆ. ಎಲ್ಲರ ನೆನಪಿಗೂ ಒಬ್ಬನೇ ಯಜಮಾನ, ಮತ್ತು ಆ ಯಜಮಾನ ರಂಗದ ಮೇಲೆ ನಿಂತು ಎಲ್ಲರನ್ನೂ ನಡೆಸುತ್ತಿದ್ದಾನೆ. ಅವನು ನಟರ ಮೇಲೆ ಕೂಗಾಡುತ್ತಿದ್ದುದೂ ತಾಲೀಮಿನ ಚಿತ್ರೀಕರಣಗಳಲ್ಲಿ ಕಾಣುತ್ತದೆ.

ಅವನ ಬದುಕನ್ನು ಇಂದು ರಂಗಕ್ಕೆ ತರುವವರು ಅವನ ಶೈಲಿಯನ್ನು ಅನುಕರಿಸಿ ಕೈತೊಳೆದುಕೊಳ್ಳಬಾರದು. ಅವನು ಮಾತು ಕೊಡದವರಿಗೆ ಮಾತು ಕೊಡಬೇಕು.

ನೇಪಥ್ಯ

ಪಡಸಾಲೆ ಅವರೇ, ನಿಮ್ಮ ಮಾತು ಬೇಕಿತ್ತು. ಅಮ್ಮನ ಬಗ್ಗೆ ನೀವು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅದು ಹಾಗೆಯೇ ನಿಲ್ಲಲಿ. ಯಜಮಾನಿಕೆಯ ಬಗ್ಗೆ ಮಾತ್ರ ಒಂದು ಮಾತು. ‘ವಿಯೆಲೊಪೋಲೆ’ಯಲ್ಲಿ ಪಾದ್ರಿ ಸತ್ತಾಗ ಆ ಊರಿನ ಪುಟ್ಟ ರಬ್ಬಿ (ಯಹೂದಿ ಧರ್ಮಗುರು) ಬಂದು ಶೋಕಗೀತೆ ಹಾಡುತ್ತಾನೆ. ಸೈನಿಕರು ಅವನಿಗೆ ಗುಂಡಿಕ್ಕುತ್ತಾರೆ. ಅವನು ಏಳುತ್ತಾನೆ, ಮತ್ತೆ ಹಾಡುತ್ತಾನೆ, ಮತ್ತೆ ಗುಂಡು. ಕಾಂತೋರ್ ಹುಟ್ಟಿದ ಕಾಲದಲ್ಲಿ ಆ ಊರಿನಲ್ಲಿ ಚರ್ಚೂ ಇತ್ತು, ಸಿನಗಾಗೂ ಇತ್ತು. ನಾಟಕ ಆಡುವ ಹೊತ್ತಿಗೆ ಅಲ್ಲಿ ಯಹೂದಿಗಳು ಇರಲಿಲ್ಲ, ನಾಜಿಗಳು ಅವರನ್ನು ಅಳಿಸಿಹಾಕಿದ್ದರು. ಪಕ್ಕದಲ್ಲಿ ನಿಂತ ‘ಯಜಮಾನ’ ಆ ಗುಂಡನ್ನು ತಡೆಯಲಾರ. ಕುರ್ಚಿ ಸರಿಸಬಲ್ಲವನಿಗೆ ಕೊಲೆಯನ್ನು ಸರಿಸಲು ಆಗುವುದಿಲ್ಲ. ಅವನ ಅಧಿಕಾರ ಎಷ್ಟು ಅಲ್ಪ ಎಂಬುದೇ ಅವನು ಅಲ್ಲಿ ನಿಂತದ್ದರಿಂದ ನಮಗೆ ತಿಳಿಯುತ್ತದೆ.

ಪಡಸಾಲೆ

ರಬ್ಬಿಯ ದೃಶ್ಯದ ಮಟ್ಟಿಗೆ ಒಪ್ಪುತ್ತೇನೆ. ಅಮ್ಮನ ಮಟ್ಟಿಗೆ ಇಲ್ಲ.

ಕಂದೀಲು

ಇಲ್ಲಿಯವರೆಗೆ ಯಾರೂ ಪೋಲಿಷ್ ಕಥೆಗಾರ ಬ್ರೂನೋ ಶುಲ್ಟ್ಸ್‌ನ ಹೆಸರು ಎತ್ತಲಿಲ್ಲ. ‘ಡೆಡ್ ಕ್ಲಾಸ್’ ಅವನಿಗೆ ಬಹಳ ಋಣಿ. ನಿವೃತ್ತಿಯಾದ ಮುದುಕನೊಬ್ಬ ಮತ್ತೆ ಶಾಲೆಗೆ ಸೇರುವ ಕಥೆ ಶುಲ್ಟ್ಸ್‌ನದು. ನಾಟಕಕಾರ ವಿತ್ಕಾತ್ಸಿಯ ನಾಟಕದ ತುಣುಕುಗಳು, ಲೇಖಕ ಗೊಂಬ್ರೋವಿಚ್‌ನ ಬಾಲಿಶತನದ ಚಿಂತನೆಯೂ ಅದರಲ್ಲಿ ಬೆರೆತಿವೆ. ಜೊತೆಗೆ ಸಮುದ್ರತೀರದ ಪಾಳುಬಿದ್ದ ಶಾಲೆಯೊಂದರ ಕಿಟಕಿಯಿಂದ ಇಣುಕಿ ನೋಡಿದ್ದು ತನಗೆ ದಾರಿ ತೋರಿಸಿತೆಂದು ಕಾಂತೋರ್ ಹೇಳಿಕೊಂಡಿದ್ದಾನೆ. ಹಾಗಾಗಿ ‘ಅವನದೇ ನೆನಪು’ ಎಂದು ಗೆರೆ ಎಳೆಯುವುದು ಕಷ್ಟ. ಅವನೇ ಬೇರೆಯವರ ನೆನಪನ್ನು ಸಾಲ ತಂದವನು.

ನೇಪಥ್ಯ ಅವರ ಮೂಲ ನಿಲುವಿಗೂ ನನ್ನ ವಿರೋಧವಿದೆ. ಬದುಕಿನ ಘಟನೆಗಳನ್ನು ಹೇಳುವ ನಾಟಕ ಸೋಲಲೇಬೇಕೆಂದಿಲ್ಲ. ಲಂಡನ್ನಿನ ಕಾಂಪ್ಲಿಸಿಟೆ ತಂಡ 1992ರಲ್ಲಿ ಸೈಮನ್ ಮೆಕ್‌ಬರ್ನಿ ನಿರ್ದೇಶನದಲ್ಲಿ ‘ದಿ ಸ್ಟ್ರೀಟ್ ಆಫ್ ಕ್ರಾಕೊಡೈಲ್ಸ್’ ಆಡಿತು. ಶುಲ್ಟ್ಸ್‌ನ ಕಥೆಗಳ ಜೊತೆ ಶುಲ್ಟ್ಸ್‌ನ ಬದುಕನ್ನೂ ಸೇರಿಸಿ ಕಟ್ಟಿದ ನಾಟಕ ಅದು. ನಾಜಿಗಳ ಅಪ್ಪಣೆಯಂತೆ ರಾಶಿ ಪುಸ್ತಕಗಳನ್ನು ವಿಂಗಡಿಸುತ್ತ ಕುಳಿತವನಿಂದ ಆರಂಭ. ಪುಸ್ತಕದ ಹಾಳೆಗಳಿಂದ ಅಪ್ಪ, ಅಂಗಡಿಯ ಗುಮಾಸ್ತರು, ಹಕ್ಕಿಗಳು ಹೊರಬರುತ್ತವೆ. ಒಬ್ಬ ನಟ ಗೋಡೆಯ ಮೇಲೆ ನೆಲದ ಮೇಲೆ ನಡೆದಂತೆ ಇಳಿದು ಬರುತ್ತಾನೆ. 1942ರ ನವೆಂಬರಿನಲ್ಲಿ ದ್ರೊಹೊಬಿಚ್‌ನ ಬೀದಿಯಲ್ಲಿ ಗೆಸ್ಟಾಪೊ ಅಧಿಕಾರಿಯೊಬ್ಬ ಶುಲ್ಟ್ಸ್‌ನನ್ನು ಗುಂಡಿಕ್ಕಿ ಕೊಂದ ಎಂಬುದು ತಿಳಿದಿರುವ ಪ್ರೇಕ್ಷಕನಿಗೆ ಆ ಹಕ್ಕಿಗಳ ಸಂಭ್ರಮದ ಪ್ರತಿ ಕ್ಷಣವೂ ಎದೆ ಹಿಂಡುತ್ತದೆ. ಬದುಕಿನ ಸಂಗತಿ ಇಲ್ಲದಿದ್ದರೆ ಆ ನಾಟಕಕ್ಕೆ ಆ ತೂಕ ಬರುತ್ತಿರಲಿಲ್ಲ.

ಬಣ್ಣದಂಗಡಿ

ಕಂದೀಲು ಅವರೇ, ಶುಲ್ಟ್ಸ್ ಮೌನವಾಗಿ ಕಥೆ ಬರೆದು ಚಿತ್ರ ಬರೆದು ಹೋದವನು. ತನ್ನನ್ನು ತಾನು ರಂಗದ ಮೇಲೆ ಇಟ್ಟುಕೊಂಡವನಲ್ಲ. ಆ ಜಾಗ ಖಾಲಿ ಇತ್ತು, ಕಾಂಪ್ಲಿಸಿಟೆ ತುಂಬಿತು. ಕಾಂತೋರ್ ಆ ಜಾಗವನ್ನು ತಾನೇ ತುಂಬಿಬಿಟ್ಟಿದ್ದಾನೆ. 1985ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಮೊದಲು ಆಡಿದ ‘ಕಲಾವಿದರು ಸಾಯಲಿ’ ನಾಟಕದಲ್ಲಿ ಆರು ವರ್ಷದ ತನ್ನನ್ನು ಆಟಿಕೆ ಗಾಡಿಯ ಮೇಲೆ ಕೂರಿಸಿದ, ಸಾಯುತ್ತಿರುವ ತನ್ನನ್ನು ಮಂಚದ ಮೇಲೆ ಮಲಗಿಸಿದ, ನೋಡುತ್ತ ತಾನೂ ನಿಂತ. ಇನ್ನು ಬೇರೆಯವರಿಗೆ ಉಳಿದದ್ದೇನು?

ಮುಸ್ಸಂಜೆ ರಂಗ

ಉಳಿದದ್ದು ಏನೆಂದು ವೂಸ್ಟರ್ ಗ್ರೂಪ್ ಹುಡುಕಿದೆ ಎಂಬುದು ನನ್ನ ಅಭಿಪ್ರಾಯ. ಆ ನಾಟಕದ ಕುರಿತು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಚರ್ಚೆ ಅದರಿಂದಲೇ ಆರಂಭವಾದರೂ ಯಾರೂ ಅದರೊಳಗೆ ಹೋಗಲಿಲ್ಲ.

ಅವರು ಆರಿಸಿಕೊಂಡದ್ದು ಕಾಂತೋರ್ 1988ರಲ್ಲಿ ಮಿಲಾನಿನಲ್ಲಿ ಮೊದಲು ಆಡಿದ ‘ಇನ್ನೆಂದೂ ನಾನು ಮರಳುವುದಿಲ್ಲ’ ನಾಟಕವನ್ನು. ಅದರಲ್ಲಿ ಕಾಂತೋರ್ ಒಂದು ಕಳಪೆ ಹೆಂಡದಂಗಡಿಗೆ ಬಂದು ಕೂರುತ್ತಾನೆ. ಅವನ ಹಿಂದಿನ ನಾಟಕಗಳ ಪಾತ್ರಗಳೆಲ್ಲ ಅಲ್ಲಿಗೆ ಬಂದು ಅವನನ್ನು ಮುತ್ತಿಕೊಳ್ಳುತ್ತವೆ, ರೇಗಿಸುತ್ತವೆ, ಲೆಕ್ಕ ಕೇಳುತ್ತವೆ. ಕೊನೆಗೆ 1944ರ ಒಡಿಸಿಯಸ್ ಮತ್ತೆ ಬರುತ್ತಾನೆ. ಇಪ್ಪತ್ತೊಂಬತ್ತರ ಹುಡುಗ ಯುದ್ಧದ ನಡುವೆ ಕದ್ದು ಆಡಿದ ನಾಟಕ ಎಪ್ಪತ್ತಮೂರರ ಮುದುಕನ ಎದುರು ಬಂದು ನಿಲ್ಲುತ್ತದೆ.

ನ್ಯೂಯಾರ್ಕಿನ ನಟರು ಈ ನಾಟಕದ ತಾಲೀಮಿನ ವಿಡಿಯೊವನ್ನು ರಂಗದ ಮೇಲೆ ಪರದೆಯಲ್ಲಿ ಓಡಿಸುತ್ತಾರೆ, ಅದರಲ್ಲಿನ ಪೋಲಿಷ್ ನಟರ ಒಂದೊಂದು ಚಲನೆಯನ್ನೂ ಅದೇ ಕ್ಷಣದಲ್ಲಿ ತಮ್ಮ ಮೈಗೆ ತರಲು ಹೆಣಗುತ್ತಾರೆ. ಭಾಷೆ ಅವರದಲ್ಲ, ನೆನಪು ಅವರದಲ್ಲ, ಮೈಕಟ್ಟೂ ಅವರದಲ್ಲ. ಅನುಕರಣೆ ನಿಖರವಾದಷ್ಟೂ ಪರದೆಯವನಿಗೂ ರಂಗದವನಿಗೂ ನಡುವಿನ ಕಂದಕ ದೊಡ್ಡದಾಗಿ ಕಾಣುತ್ತದೆ. ನೇಪಥ್ಯ ಅವರು ಹೇಳಿದ ಮಾವಂದಿರು ಸಾಮಾನು ಜೋಡಿಸಲು ಹೋಗಿ ಸೋಲುವುದೂ ಇವರು ಸತ್ತವರ ಚಲನೆಯನ್ನು ಹಿಡಿಯಲು ಹೋಗಿ ಸೋಲುವುದೂ ಒಂದೇ ಜಾತಿಯ ಕೆಲಸ. ಅವರು ಕಾಂತೋರ್‌ನ ಜಾಗದಲ್ಲಿ ನಿಂತಿಲ್ಲ, ಕಾಂತೋರ್ ತನ್ನ ಅಪ್ಪನ ಎದುರು ಎಲ್ಲಿ ನಿಂತಿದ್ದನೋ ಅಲ್ಲಿ ನಿಂತಿದ್ದಾರೆ.

ಪಡಸಾಲೆ ಅವರಿಗೆ ಇದು ಮುಖ್ಯವಾದೀತು. ಆ ನಾಟಕದಲ್ಲಿ ಮಗಳು ದೊರೋತಾ ವಿಡಿಯೊದಲ್ಲಿ ಬಂದು ಅಪ್ಪನ ಬಗ್ಗೆ ಮಾತಾಡುತ್ತಾರೆ. ತನ್ನ ಅಪ್ಪನನ್ನು ರಂಗದ ಮೇಲೆ ಹುಡುಕಿದವನನ್ನು ಈಗ ಅವನ ಮಗಳು ರಂಗದ ಮೇಲೆ ಹುಡುಕುತ್ತಿದ್ದಾಳೆ. ನೀವು ಕೇಳಿದ ಹೆಲೆನಾಳ ಮಾತು ಇದರಲ್ಲೂ ಇಲ್ಲ. ಆದರೆ ನೆನಪಿನ ಯಜಮಾನಿಕೆ ಮೊದಲ ಬಾರಿಗೆ ಆ ಮನೆಯ ಹೆಣ್ಣೊಬ್ಬಳ ಕೈಗೆ ಬಂದಿದೆ.

ಪಡಸಾಲೆ

ಮಗಳ ವಿಷಯ ನನಗೆ ಗೊತ್ತಿರಲಿಲ್ಲ. ಇದು ನನಗೆ ನಿಜವಾಗಿ ಬೇಕಾಗಿದ್ದ ಉತ್ತರದ ಹತ್ತಿರ ಬಂದಿದೆ. ಹೆಲೆನಾಳಿಗಾಗಿ ಒಂದು ನಾಟಕ ಇನ್ನೂ ಬರೆಯಬೇಕಾಗಿದೆ ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ವಿಸ್ತುಲಾ ದಡ

ಒಂದು ಸಂಗತಿ ಸೇರಿಸುತ್ತೇನೆ. ಕಾಂತೋರ್ ಇಲ್ಲಿನ ರಾಕೋವಿಟ್ಸ್‌ಕಿ ಸ್ಮಶಾನದಲ್ಲಿ ಅಮ್ಮನ ಜೊತೆ ಒಂದೇ ಸಮಾಧಿಯಲ್ಲಿದ್ದಾನೆ. ಅದರ ಮೇಲೆ ‘ಡೆಡ್ ಕ್ಲಾಸ್’ನ ಬೆಂಚಿನಲ್ಲಿ ಕುಳಿತ ಹುಡುಗನ ಶಿಲ್ಪವಿದೆ. ಅಲ್ಲಿಯೂ ಕಣ್ಣಿಗೆ ಬೀಳುವುದು ಮಗನೇ. ಪಡಸಾಲೆ ಅವರ ಮಾತಿಗೆ ಇದು ಪುಷ್ಟಿ ಕೊಡುತ್ತದೆ.

ಹೊಳೆಸಾಲು

‘ನಾಳೆ ಅವನಿಲ್ಲದೆ ಏನು’ ಎಂಬ ಪ್ರಶ್ನೆ ಅವನ ತಂಡಕ್ಕೇ ಮೊದಲು ಎದುರಾಯಿತಲ್ಲವೇ? ಕೊನೆಯ ನಾಟಕ ಮುಗಿಯುವ ಮೊದಲೇ ತೀರಿಕೊಂಡ ಎಂದು ಓದಿದ ನೆನಪು. ಅವರು ಏನು ಮಾಡಿದರು?

ನೇಪಥ್ಯ

ಹೌದು. ‘ಇಂದು ನನ್ನ ಹುಟ್ಟುಹಬ್ಬ’ ನಾಟಕದ ತಾಲೀಮು ನಡೆಯುತ್ತಿದ್ದಾಗ 1990ರ ಡಿಸೆಂಬರ್ 8ರಂದು ಕಾಂತೋರ್ ತೀರಿಕೊಂಡ. ರಂಗದ ಮೇಲೆ ದೊಡ್ಡ ಚಿತ್ರಚೌಕಟ್ಟುಗಳು, ಅವುಗಳೊಳಗೆ ಅವನ ಬದುಕಿನ ಜನ. ಗೆಳತಿ ಮರಿಯಾ ಯರೇಮಾ ಪಾತ್ರವಾಗಿ ಬರುತ್ತಾಳೆ. ಸ್ಟಾಲಿನ್‌ನ ಸೆರೆಯಲ್ಲಿ ಚಿತ್ರಹಿಂಸೆ ಉಂಡ ರಷ್ಯನ್ ನಿರ್ದೇಶಕ ಮೇಯರ್‌ಹೋಲ್ಡ್ ಬರೆದ ಪತ್ರ ಕೇಳಿಬರುತ್ತದೆ. ಪಕ್ಕದಲ್ಲಿ ಕಾಂತೋರ್ ಕೂರಬೇಕಾಗಿದ್ದ ಮೇಜು, ಕುರ್ಚಿ.

ತಂಡ ನಿಲ್ಲಿಸಲಿಲ್ಲ. 1991ರ ಜನವರಿಯಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ನಾಟಕ ಆಡಿತು. ಅವನ ಪಾತ್ರವನ್ನು ಯಾರಿಗೂ ಕೊಡಲಿಲ್ಲ. ಕುರ್ಚಿ ಖಾಲಿ ಉಳಿಯಿತು, ಮುದ್ರಿಸಿಟ್ಟಿದ್ದ ಅವನ ಧ್ವನಿ ಮಾತ್ರ ಬಂತು. ನಟರು ಆ ಕುರ್ಚಿಗೇ ನಡೆದುಕೊಳ್ಳುತ್ತ ಆಡಿದರು. ನನ್ನ ಮಟ್ಟಿಗೆ ಕಾಂತೋರ್ ಇಲ್ಲದೆ ಕಾಂತೋರ್‌ನನ್ನು ಆಡುವ ಮೊದಲ ಪಾಠ ಅದೇ. ಆದರೆ ಅದನ್ನು ಅವನ ಜೊತೆ ಬದುಕಿದವರು ಮಾತ್ರ ಒಮ್ಮೆ ಮಾಡಬಲ್ಲರು. ಬೇರೆಯವರು ಖಾಲಿ ಕುರ್ಚಿ ಇಟ್ಟರೆ ಅದು ಬರೀ ಅಲಂಕಾರವಾಗುತ್ತದೆ. ಅದಕ್ಕೇ ಮುಸ್ಸಂಜೆ ರಂಗ ಅವರು ವಿವರಿಸಿದ ಪರದೆಯ ಉಪಾಯ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ: ಅವರು ತಮಗೂ ಅವನಿಗೂ ಇರುವ ದೂರವನ್ನು ಮುಚ್ಚಿಡಲಿಲ್ಲ.

ತೆರೆಮರೆ

ಇದುವರೆಗೆ ಓದುತ್ತಷ್ಟೇ ಇದ್ದೆ. ಕಾಂತೋರ್‌ನ ಒಂದು ನಾಟಕವನ್ನೂ ನೋಡಿಲ್ಲ. ಎಲ್ಲಿಂದ ಆರಂಭಿಸಲಿ?

ಮುಸ್ಸಂಜೆ ರಂಗ

ಎಲ್ಲರೂ ‘ಡೆಡ್ ಕ್ಲಾಸ್’ ಎನ್ನುತ್ತಾರೆ. ಅದನ್ನು ಆಂಜೆ ವಾಯ್ದಾ 1976ರಲ್ಲಿ ಚಿತ್ರೀಕರಿಸಿದ್ದಾರೆ, ದೊಡ್ಡ ನಿರ್ದೇಶಕರ ಕೆಲಸ. ಆದರೆ ವಾಯ್ದಾ ಕೆಲವು ದೃಶ್ಯಗಳನ್ನು ನೆಲಮಾಳಿಗೆಯಿಂದ ಬಯಲಿಗೆ ಒಯ್ದಿದ್ದಾರೆ, ಅಲ್ಲಿ ಆ ಇಕ್ಕಟ್ಟು ಸಡಿಲುತ್ತದೆ. ನನ್ನ ಸಲಹೆ, ಮೊದಲು ‘ವಿಯೆಲೊಪೋಲೆ’ ನೋಡಿ. ಮನೆ, ಅಮ್ಮ, ಅಪ್ಪ, ಮಾವ ಎಂದು ಹಿಡಿಯಲು ಎಳೆ ಸಿಗುತ್ತದೆ. ಆಮೇಲೆ ‘ಡೆಡ್ ಕ್ಲಾಸ್’. ಅನುವಾದದ ಸಾಲು ಇಲ್ಲದ ಪ್ರತಿ ಸಿಕ್ಕಿದರೂ ಬಿಡಬೇಡಿ, ಮಾತಿಗಿಂತ ಕುರ್ಚಿ, ಮಂಚ, ಬಾಗಿಲುಗಳ ಮೇಲೆ ಕಣ್ಣಿಡಿ. ಪಾದ್ರಿಯ ಮಂಚಕ್ಕೆ ಒಂದು ಹಿಡಿಕೆ ಇದೆ. ಅದನ್ನು ತಿರುವಿದಾಗ ಮಂಚ ಮಗುಚಿ ಕೆಳಬದಿಯಲ್ಲಿ ಅದೇ ಪಾದ್ರಿಯ ಗೊಂಬೆ ಮೇಲೆ ಬರುತ್ತದೆ. ಸತ್ತವನು ಯಾರು, ಗೊಂಬೆ ಯಾವುದು ಎಂದು ನಿಮಗೆ ಗೊಂದಲವಾದರೆ ನೀವು ಸರಿಯಾಗಿ ನೋಡುತ್ತಿದ್ದೀರಿ ಎಂದೇ ಅರ್ಥ. ನೋಡಿದ ಮೇಲೆ ಇಲ್ಲಿ ಬರೆಯಿರಿ, ಪಡಸಾಲೆ ಅವರ ಪ್ರಶ್ನೆಗೆ ನಿಮ್ಮ ಉತ್ತರವೂ ಬೇಕು.